ತಪ್ಪು ಹಲ್ಲಿನ ಡಾಕ್ಟರು

ಹಲ್ಲು ಕೀಳದ ಹಲ್ಲಿನ ಡಾಕ್ಟರನ್ನು ಯಾರಾದರೂ ಕಂಡಿದ್ದೀರಾ? ಸಿಸ್ಟರಮ್ಮ ದಿನಾ ಕಾಣುತ್ತಿದ್ದಳು. ಬೆಳಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆವರೆಗೆ, ಮತ್ತೆ ಸಂಜೆ ನಾಲ್ಕರಿಂದ ಏಳರವರೆಗೆ. ಭಾನುವಾರ ಒಂದು ದಿನ ಆ ಮುಖದಿಂದ ಬಿಡುವು.

ಆ ಕ್ಲಿನಿಕ್ಕಿನಲ್ಲಿ ಅವಳದು ಇಪ್ಪತ್ತಾರು ವರ್ಷದ ಚಾಕರಿ. ಚೀಟಿ ಬರೆಯುವುದು, ಇಕ್ಕಳಗಳನ್ನು ಕುದಿಸುವುದು, ಅಚ್ಚಿಗೆ ಪ್ಲಾಸ್ಟರ್ ಕಲೆಸುವುದು, ಎಕ್ಸ್‌ರೇ ಫಿಲ್ಮ್ ತೊಳೆಯುವುದು, ಹೆದರಿ ಎದ್ದವರನ್ನು ಭುಜ ಹಿಡಿದು ಮತ್ತೆ ಕುರ್ಚಿಗೆ ಒತ್ತುವುದು. ಮೊದಲ ಹದಿನೈದು ವರ್ಷ ಡಾಕ್ಟರೂ ಕೆಲಸ ಮಾಡುತ್ತಿದ್ದರು, ಅದನ್ನು ಅವಳು ಇಲ್ಲವೆನ್ನುವುದಿಲ್ಲ. ಆಗ ಅವರ ಕೈ ಎಷ್ಟು ಹಗುರವೆಂದರೆ, ಹಲ್ಲು ಬಂದದ್ದು ರೋಗಿಗೆ ಗೊತ್ತಾಗುತ್ತಿದ್ದದ್ದು ತಟ್ಟೆಯಲ್ಲಿ ಟಣ್ ಎಂದಾಗಲೇ. ಆಮೇಲೆ ಒಂದು ದಿನ ಬ್ಯಾಂಡಿನವನೊಬ್ಬನ ತಪ್ಪು ಹಲ್ಲು ಕಿತ್ತರು. ಅಲ್ಲಿಂದ ಈಚೆಗೆ ಹನ್ನೊಂದು ವರ್ಷ ಅವರು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಪಶ್ಚಾತ್ತಾಪ.

ಅದನ್ನಾದರೂ ಮನೆಯಲ್ಲಿ ಕೂತು ಪಡಬಾರದೇ? ಇಲ್ಲ, ಕ್ಲಿನಿಕ್ಕಿನಲ್ಲೇ ಆಗಬೇಕು, ಜನರ ಎದುರಿಗೇ ಆಗಬೇಕು. ಮೇಜಿನ ಮೇಲೆ, ಪೆನ್ನಿನ ಸ್ಟ್ಯಾಂಡಿನ ಪಕ್ಕ, ಪುಟ್ಟ ಗಾಜಿನ ಬಾಟಲಿಯಲ್ಲಿ ಆ ಹಲ್ಲನ್ನು ಇಟ್ಟುಕೊಂಡಿದ್ದರು. ಕೆನ್ನೆ ಹಿಡಿದುಕೊಂಡು ಬಂದ ರೋಗಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ, ಅವನ ಬಾಯೊಳಗೆ ಒಮ್ಮೆ ಇಣುಕಿ, ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. "ಇದನ್ನ ನೋಡಿ. ಇದು ಒಬ್ಬ ಕಲಾವಿದನ ಹಲ್ಲು. ಟ್ರಂಪೆಟ್ ನುಡಿಸ್ತಿದ್ದ. ಬಲಗಡೆದು ಕೀಳೋ ಬದಲು ಎಡಗಡೆದು ಕಿತ್ತೆ. ಅವನ ಸಂಗೀತಾನೇ ಕಿತ್ತುಬಿಟ್ಟೆ. ಈ ಕೈಯಿಂದ ಇನ್ನೊಬ್ಬರ ಹಲ್ಲು ಹೇಗೆ ಮುಟ್ಟಲಿ?" ಇಷ್ಟು ಹೇಳಿ ಆ ಕೈಯನ್ನೇ ದಿಟ್ಟಿಸುತ್ತಿದ್ದರು. ರೋಗಿ ಬಾಯಿ ಮುಚ್ಚುವುದೋ ಬಿಡುವುದೋ ತಿಳಿಯದೆ ಜೊಲ್ಲು ನುಂಗುತ್ತಿದ್ದ. ಕೊನೆಗೆ ಡಾಕ್ಟರು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಿದ್ದರು. ಕಣ್ಣಂಚಿನಲ್ಲಿ ಒಂದು ಹನಿಯೂ ಇರುತ್ತಿತ್ತು, ಅದು ಎಂದೂ ತಪ್ಪುತ್ತಿರಲಿಲ್ಲ.

ಅಳುವುದಾದರೆ ಹೊರಗೆ ಹೋಗಿ ಅತ್ತು ಬನ್ನಿ, ಇಲ್ಲಿ ಕೆಲಸ ಇದೆ. ಈ ಮಾತು ಸಿಸ್ಟರಮ್ಮನ ನಾಲಗೆ ತುದಿಗೆ ಎಷ್ಟು ಸಲ ಬಂದು ಹೋಗಿತ್ತೋ. ಆಡಿರಲಿಲ್ಲ.

ಅವಳಿಗೆ ಮೈ ಉರಿಯುತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಹಲ್ಲು ಕಳೆದುಕೊಂಡ ಆ ಮನುಷ್ಯ, ಊರವರೆಲ್ಲ ಪೀಪಿ ಎಂದು ಕರೆಯುವವನು, ಎರಡೇ ಬೀದಿ ಆಚೆ ಇದ್ದ. ಡಾಕ್ಟರಿಗೂ ಅದು ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನ ಆ ಎರಡು ಬೀದಿ ದಾಟಿ ಹೋಗಿ "ಅಪ್ಪಾ, ತಪ್ಪಾಯ್ತು" ಅಂದವರಲ್ಲ. ಮರುಗುವುದಕ್ಕೆ ಪುರುಸೊತ್ತಿತ್ತು, ಕ್ಷಮೆ ಕೇಳುವುದಕ್ಕೆ ಇರಲಿಲ್ಲ.

ಗುರುವಾರ ಬೆಳಗ್ಗೆ ಒಬ್ಬ ಅಜ್ಜಿ ಬಂದಳು. ಉಳಿದಿದ್ದದ್ದು ಆರು ಹಲ್ಲು, ಅದರಲ್ಲೊಂದು ಅಲ್ಲಾಡುತ್ತಿತ್ತು. ಬೆರಳಲ್ಲಿ ತಳ್ಳಿದರೆ ಬರುವಂಥದು. ಡಾಕ್ಟರು ಬಾಟಲಿ ಎತ್ತಿದರು. ಅಜ್ಜಿ ಕಥೆಯನ್ನೆಲ್ಲ ಕೇಳಿ, "ಪಾಪ, ಅದೆಲ್ಲ ಸರಿ ಕಣಪ್ಪ. ನನ್ನ ಹಲ್ಲು?" ಅಂದಳು. ಡಾಕ್ಟರು ಚೀಟಿ ಬರೆದರು. ಅಜ್ಜಿ ಚೀಟಿಯನ್ನು ಮಡಿಸಿ, ಏನೋ ಗೊಣಗುತ್ತಾ ಹೋದಳು.

ಅವಳು ಮೆಟ್ಟಿಲಿಳಿದ ಮೇಲೆ ಡಾಕ್ಟರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು. "ಸಿಸ್ಟರ್, ಶನಿವಾರಕ್ಕೆ ಕೊನೆ. ಕ್ಲಿನಿಕ್ ಮುಚ್ಚಿಬಿಡ್ತೀನಿ. ನನಗೆ ಇದೇ ತಕ್ಕ ಶಿಕ್ಷೆ."

"ಶಿಕ್ಷೆ ನಿಮಗಾ, ನನಗಾ?" ಅಂದಳು ಸಿಸ್ಟರಮ್ಮ.

ಅವರಿಗೆ ಅದು ಕೇಳಿಸಿದಂತಿರಲಿಲ್ಲ. ತಮ್ಮ ದುಃಖದಲ್ಲಿ ಮುಳುಗಿದವರಿಗೆ ಪಕ್ಕದವರ ಮಾತು ಎಲ್ಲಿ ಕೇಳಿಸೀತು? ಅವಳಿಗೆ ಐವತ್ಮೂರು ವರ್ಷ. ಈ ಕುರ್ಚಿ, ಈ ಇಕ್ಕಳ, ಈ ನೀರಿನ ತೊಟ್ಟಿ ಬಿಟ್ಟರೆ ಅವಳಿಗೆ ಗೊತ್ತಿರುವುದು ಏನೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೇ ನೋಡುವ ಹೊಸ ಕ್ಲಿನಿಕ್ಕುಗಳಲ್ಲಿ ಫಿಲ್ಮ್ ತೊಳೆಯುವವಳನ್ನು ಯಾರು ಕರೆದಾರು? ಶನಿವಾರದೊಳಗೆ ಈ ಮನುಷ್ಯ ಇಕ್ಕಳ ಹಿಡಿಯಬೇಕು, ಇಲ್ಲದಿದ್ದರೆ ತಾನು ಬೀದಿಪಾಲು. ಲೆಕ್ಕ ಅಷ್ಟು ಸರಳವಾಗಿತ್ತು.

ಮನೆಯಲ್ಲಿದ್ದದ್ದು ಅವಳು ಮತ್ತು ಅವಳ ಅಕ್ಕ, ಇಬ್ಬರೇ. ಸಂಜೆ ಅಕ್ಕ ಬಟ್ಟೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಳು. ಸಿಸ್ಟರಮ್ಮ ಡಾಕ್ಟರನ್ನು ಬಾಯಿ ತುಂಬ ಬೈದಳು. ನಾಟಕ ಎಂದಳು, ಸೋಗು ಎಂದಳು, ಅಳುವಾಗಲೂ ಕನ್ನಡಿ ನೋಡಿಕೊಳ್ಳುವ ಗಂಡಸು ಎಂದಳು.

"ಆಯ್ತು, ಅವನು ಸೋಗಲಾಡಿ. ನಿನ್ನ ಪರ್ಸಲ್ಲಿ ಇರೋದು ಏನೇ ಅದು?" ಅಂದಳು ಅಕ್ಕ.

ಅಕ್ಕನಿಗೆ ಮಾತ್ರ ಗೊತ್ತಿತ್ತು ಅದು. ಪರ್ಸಿನ ಒಳಜೇಬಿನಲ್ಲಿ ಒಂದು ಹಳೆಯ ಎಕ್ಸ್‌ರೇ ಫಿಲ್ಮ್ ಇತ್ತು, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಹಲ್ಲಿನ ಫಿಲ್ಮಿಗೆ ಮೂಲೆಯಲ್ಲಿ ಒಂದು ಉಬ್ಬಿದ ಚುಕ್ಕೆ ಇರುತ್ತದೆ, ಸಾಸಿವೆಕಾಳಿಗಿಂತ ಚಿಕ್ಕದು. ಆ ಉಬ್ಬು ನಮ್ಮ ಕಡೆಗೆ ಬರುವ ಹಾಗೆ, ಫಿಲ್ಮ್ ನೋಡುವ ಬೆಳಕಿನ ಡಬ್ಬಿಗೆ ಸಿಕ್ಕಿಸಬೇಕು. ತಿರುಗಿ ಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಪೀಪಿಗೆ ಅವತ್ತು ಮೇಲಿನ ಮುಂದಿನ ಸಾಲೆಲ್ಲ ನೋಯುತ್ತಿತ್ತು, ಯಾವುದು ಎಂದು ಅವನಿಗೇ ತೋರಿಸಲು ಬಂದಿರಲಿಲ್ಲ. ಎಲ್ಲವೂ ಆ ಫಿಲ್ಮಿನ ಮೇಲೆ ನಿಂತಿತ್ತು. ಅದನ್ನು ತೊಳೆದು, ಒರೆಸಿ, ಡಬ್ಬಿಗೆ ಸಿಕ್ಕಿಸಿದವಳು ಸಿಸ್ಟರಮ್ಮ. ಸಂಜೆ ತೆಗೆದಿಡುವಾಗ ಹೆಬ್ಬೆರಳಿಗೆ ಉಬ್ಬಿನ ಬದಲು ಗುಳಿ ಸಿಕ್ಕಿತು. ಒಳಗೆ, ಕಿತ್ತದ್ದು ಗಟ್ಟಿ ಹಲ್ಲೆಂದು ಆಗಲೇ ಕಂಡುಕೊಂಡಿದ್ದ ಡಾಕ್ಟರು ಮೇಜಿಗೆ ಹಣೆ ಚಚ್ಚಿಕೊಂಡು "ನಾನು, ನಾನೇ" ಎಂದು ಅಳುತ್ತಿದ್ದರು. ಅಷ್ಟು ಮನಸಾರೆ ಹೊತ್ತುಕೊಳ್ಳುತ್ತಿದ್ದಾರಲ್ಲ, ಹೊರಲಿ ಎಂದು ಇವಳು ಫಿಲ್ಮನ್ನು ಪರ್ಸಿಗೆ ಸೇರಿಸಿದಳು.

ಹಾಗಾದರೆ ಹನ್ನೊಂದು ವರ್ಷದ ಅವಳ ತಾತ್ಸಾರವೂ ಅಷ್ಟೇನೂ ಶುದ್ಧವಾಗಿರಲಿಲ್ಲ. ಅವರು ಬಾಟಲಿ ಎತ್ತಿದಾಗಲೆಲ್ಲ ಅವಳ ಕೈ ಪರ್ಸಿನ ಕಡೆ ಹೋಗುತ್ತಿತ್ತು. ಅವರನ್ನು ಬೈದಷ್ಟೂ ತನ್ನ ತಪ್ಪಿನ ಭಾರ ಸ್ವಲ್ಪ ಹಗುರಾಗುತ್ತಿತ್ತು, ಅಷ್ಟಕ್ಕೇ ಬೈಯುತ್ತಿದ್ದಳು.

"ಅವನು ಬಾಟಲೀಲಿ ಇಟ್ಕೊಂಡ, ನೀನು ಪರ್ಸಲ್ಲಿ ಇಟ್ಕೊಂಡೆ. ಇಬ್ಬರೂ ಸೇರಿ ಆ ಬಡಪಾಯೀನ ಒಂದು ಮಾತು ಕೇಳಿದ್ರಾ?" ಎಂದಳು ಅಕ್ಕ.

ಶುಕ್ರವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಕೂಡಲೇ ಸಿಸ್ಟರಮ್ಮ ಆ ಎರಡು ಬೀದಿ ದಾಟಿದಳು. ಪೀಪಿ ಈಗ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಕಾರಿನ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕು ಇಟ್ಟುಕೊಂಡು, ಕಲಿಯುವವರನ್ನು ಗದರಿಸುವುದು ಅವನ ಉದ್ಯೋಗ. ಅವಳು ಹೋದಾಗ ಕಾರು ನೆರಳಿನಲ್ಲಿ ನಿಂತಿತ್ತು. ಒಳಗೆ ಪೀಪಿ ಕರವಸ್ತ್ರದಿಂದ ಕೆನ್ನೆ ಒತ್ತಿಕೊಂಡು ಕೂತಿದ್ದ. ಕೆಳದವಡೆ ಊದಿತ್ತು. ಇನ್ನೊಬ್ಬರ ಊದಿದ ಕೆನ್ನೆ ನೋಡಿ ಅವಳಿಗೆ ಅಷ್ಟು ಸಂತೋಷವಾದದ್ದು ಜೀವಮಾನದಲ್ಲಿ ಅದೇ ಮೊದಲು.

"ಎಷ್ಟು ದಿನ ಆಯ್ತು?"

"ವಾರ ಆಯ್ತು ಸಿಸ್ಟರಮ್ಮ. ಮಾತ್ರೆ ನುಂಗಿ ನುಂಗಿ ಊತ ಅರ್ಧ ಇಳೀತು. ನೋವು ಇಳೀಲಿಲ್ಲ."

"ನಾಳೆ ಹತ್ತಕ್ಕೆ ಬನ್ನಿ."

"ನಿಮ್ಮ ಡಾಕ್ಟ್ರು ಕೀಳೋದು ಬಿಟ್ಟಿದ್ದಾರಂತಲ್ಲ?"

"ಬನ್ನಿ ನೀವು," ಎಂದಳು ಸಿಸ್ಟರಮ್ಮ.

ಶನಿವಾರ ಹತ್ತು ಗಂಟೆಗೆ ಪೀಪಿ ಬಾಗಿಲಲ್ಲಿ ಕಾಣಿಸಿಕೊಂಡಾಗ ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಕೈ ಜೋಡಿಸಿದರು. ಹನ್ನೊಂದು ವರ್ಷ ಒಳಗೊಳಗೇ ಬಾಯಿಪಾಠ ಮಾಡಿದ್ದ ಭಾಷಣ ಹೊರಗೆ ಬಂತು. ನಾನು ಪಾಪಿ ಎಂದರು, ಕಲೆಯ ಕೊಲೆಗಾರ ಎಂದರು, ನಿಮ್ಮ ತುಟಿಯ ನಾದವನ್ನು ಕಿತ್ತುಕೊಂಡವನು ಎಂದರು. ಸಿಸ್ಟರಮ್ಮ ಗೋಡೆಯ ಗಡಿಯಾರ ನೋಡಿದಳು. ನಾಲ್ಕು ನಿಮಿಷವಾಗಿತ್ತು.

ಪೀಪಿ ಕೆನ್ನೆ ಹಿಡಿದುಕೊಂಡೇ ಕೇಳಿದ. "ಡಾಕ್ಟ್ರೇ, ನಾನು ಊದ್ತಿದ್ದದ್ದು ನೀವು ಯಾವತ್ತಾದ್ರೂ ಕೇಳಿದ್ದೀರಾ?"

"ಇಲ್ಲ... ಆ ಭಾಗ್ಯ..."

"ಭಾಗ್ಯಾನೇ, ಕೇಳದೆ ಉಳಿದದ್ದು. ಬ್ಯಾಂಡು ನಮ್ಮ ಮಾವಂದು. ಮಗಳನ್ನ ಕೊಟ್ಟ ಋಣಕ್ಕೆ ಆ ಪೀಪೀನೂ ಕೈಗೆ ಕೊಟ್ಟ. ಆರು ವರ್ಷ ಊದಿದೆ, ಒಂದು ದಿನ ಸ್ವರ ಸರಿಯಾಗಿ ಬರಲಿಲ್ಲ. ಹಲ್ಲು ಹೋಯ್ತು ಅಂತ ಹೇಳಿ ಕೈ ಮುಗಿದು ಬಂದೆ. ಮಾವನೂ ಏನೂ ಅನ್ನೋ ಹಾಗಿರಲಿಲ್ಲ." ನೋವಿನ ನಡುವೆಯೂ ಪೀಪಿಗೆ ನಗು ಬಂತು. "ಎರಡು ದಿನ ಪ್ರಾಣ ಹೋಗೋ ಹಾಗೆ ನೋವು ತಿಂದೆ, ನಿಮಗೆ ಬಾಯಿಗೆ ಬಂದ ಹಾಗೆ ಬೈದೆ, ಅದು ನಿಜ. ಆಮೇಲೆ ದೊಡ್ಡಾಸ್ಪತ್ರೇಲಿ ಕೆಟ್ಟ ಹಲ್ಲನ್ನೂ ಕೀಳಿಸಿ, ಕಟ್ಟಿಸಿದ ಹಲ್ಲು ಹಾಕಿಸ್ಕೊಂಡೆ. ಮರೆತೂ ಬಿಟ್ಟೆ."

ಡಾಕ್ಟರ ಮುಖ ನೋಡಬೇಕಿತ್ತು. ಬಿಡುಗಡೆಯಾದವನ ಮುಖವಲ್ಲ ಅದು, ಮನೆಗೆ ಕಳ್ಳರು ನುಗ್ಗಿದವನ ಮುಖ. "ನೀವು ದೊಡ್ಡ ಮನಸ್ಸಿನವರು, ನನಗೆ ನೋವಾಗಬಾರದು ಅಂತ ಹೀಗೆ ಹೇಳ್ತಿದ್ದೀರಿ," ಎಂದರು.

"ನನಗೆ ಹಲ್ಲು ನೋವು ಸ್ವಾಮಿ, ನಿಮ್ಮ ನೋವು ಯೋಚಿಸೋ ಸ್ಥಿತೀಲಿ ನಾನಿಲ್ಲ." ಪೀಪಿಯ ಕಣ್ಣು ಮೇಜಿನ ಮೇಲೆ ಬಿತ್ತು. "ಅದೇನಾ ನಂದು?" ಎಂದು ಬಾಟಲಿಗೆ ಕೈ ಚಾಚಿದ.

"ಮುಟ್ಟಬೇಡಿ!" ಎಂದು ಡಾಕ್ಟರು ಅದನ್ನು ಎದೆಗೆ ಅವುಚಿಕೊಂಡರು.

ಸಿಸ್ಟರಮ್ಮನಿಗೆ ತಡೆಯಲಾಗಲಿಲ್ಲ. ನಗು ಬಂತು, ಅದರ ಬೆನ್ನಿಗೇ ಅಸಹ್ಯವಾಯಿತು, ಆ ಅಸಹ್ಯದಲ್ಲಿ ಅರ್ಧ ತನ್ನ ಮೇಲೆಯೇ ಎಂದೂ ಗೊತ್ತಾಯಿತು. ಪರ್ಸು ತೆಗೆದಳು. ಫಿಲ್ಮನ್ನು ಮೇಜಿನ ಮೇಲಿಟ್ಟಳು.

"ಅವತ್ತು ಫಿಲ್ಮ್ ತಿರುಗಿಸಿ ಹಾಕಿದ್ದು ನಾನು, ಡಾಕ್ಟ್ರೇ. ಸಂಜೇನೇ ಗೊತ್ತಾಯ್ತು. ಹೇಳೋಕೆ ಹೆದರಿಕೆ ಆಯ್ತು, ಬಾಯಿಗೆ ಬೀಗ ಹಾಕ್ಕೊಂಡೆ."

ಡಾಕ್ಟರು ಫಿಲ್ಮ್ ಎತ್ತಿಕೊಂಡರು. ಬೆಳಕಿನ ಡಬ್ಬಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಮೂಲೆಯ ಚುಕ್ಕೆಯನ್ನು ಹೆಬ್ಬೆರಳಿಂದ ಮತ್ತೆ ಮತ್ತೆ ಸವರಿದರು.

"ಇಲ್ಲ," ಎಂದರು. "ತಪ್ಪು ನಂದೇ."

"ನಂದು."

"ಚುಕ್ಕೆ ನಾನು ನೋಡಬೇಕಿತ್ತು!"

"ನೋಡಬೇಕಿತ್ತು, ನೋಡಲಿಲ್ಲ. ಅದು ನಿಮ್ಮ ಪಾಲು. ಹಾಕಿದ್ದು ನನ್ನ ಪಾಲು."

"ಹನ್ನೊಂದು ವರ್ಷ ಇದು ನನ್ನದು ಅಂತ ನಾನು..."

"ಅಯ್ಯೋ, ಪಾಲುಪಟ್ಟಿ ಆಮೇಲೆ ಮಾಡ್ಕೊಳ್ರಪ್ಪ!" ಪೀಪಿ ಕೂಗಿದ. ಅವನೇ ಹೋಗಿ ರೋಗಿಯ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದ. "ಕೀಳ್ತೀರೋ, ನಾನೇ ಕಿತ್ಕೊಳ್ಳಲೋ?"

ಡಾಕ್ಟರು ಸಿಸ್ಟರಮ್ಮನನ್ನು ನೋಡಿದರು. ಇಷ್ಟು ವರ್ಷ ಅವರು ಯಾರ ಮೇಲೂ ರೇಗಿದವರಲ್ಲ, ತಮ್ಮ ಮೇಲೆ ರೇಗುವುದರಲ್ಲೇ ಸುಖವಾಗಿದ್ದವರು. ಈಗ ಕಣ್ಣು ಕೆಂಪಾಗಿತ್ತು. "ಇಕ್ಕಳ ಕುದಿಸಿ," ಎಂದರು ಹಲ್ಲು ಕಚ್ಚಿ. ಕೋಟು ಹಾಕಿಕೊಂಡರು. ಎಕ್ಸ್‌ರೇ ತಾವೇ ತೆಗೆದರು, ಫಿಲ್ಮ್ ತಾವೇ ತೊಳೆದರು. ಅವಳು ಸಹಾಯಕ್ಕೆ ಹೋದರೆ ಮೊಣಕೈಯಲ್ಲಿ ತಳ್ಳಿದರು. ಉಬ್ಬು ತಮ್ಮ ಕಡೆ ಮಾಡಿ ಸಿಕ್ಕಿಸಿ, ಅದರ ಮೇಲೆ ಬೆರಳಿಟ್ಟು, ಪೀಪಿಯ ಬಾಯಿ ನೋಡಿ, ಮತ್ತೆ ಫಿಲ್ಮ್ ನೋಡಿ, ಮತ್ತೆ ಬಾಯಿ ನೋಡಿದರು. ಸೂಜಿ ಕೊಟ್ಟರು. ದವಡೆ ಮರಗಟ್ಟುವ ತನಕ ಕಾದರು.

ಕೋಪದಲ್ಲಿ ಅವರಿಗೆ ತಮ್ಮ ಕೈಯನ್ನು ದಿಟ್ಟಿಸುವುದೇ ಮರೆತುಹೋಗಿತ್ತು. ಆ ಕೈ ತನ್ನ ಪಾಡಿಗೆ ತಾನು ಇಕ್ಕಳ ಹಿಡಿಯಿತು, ಒಳಕ್ಕೊಮ್ಮೆ ಹೊರಕ್ಕೊಮ್ಮೆ ಅಲುಗಿಸಿತು. ತಟ್ಟೆ ಟಣ್ ಎಂದಿತು. ಪೀಪಿ, "ಬಂತಾ?" ಎಂದ.

ಹನ್ನೊಂದು ವರ್ಷದಿಂದ ಕೇಳದ ಸದ್ದು. ಸಿಸ್ಟರಮ್ಮ ತಟ್ಟೆ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. "ತಪ್ಪಾಯ್ತು ಡಾಕ್ಟ್ರೇ, ನಿಮ್ಮ ಇಷ್ಟು ವರ್ಷ ನಾನು ಹಾಳು ಮಾಡಿದೆ, ನನ್ನಂಥ ಪಾಪಿ..."

ಡಾಕ್ಟರು ಹತ್ತಿಯನ್ನು ಪೀಪಿಯ ದವಡೆಗೆ ಒತ್ತುತ್ತಾ, ತಲೆ ಎತ್ತದೆ ಹೇಳಿದರು. "ಅಳೋದಾದ್ರೆ ಹೊರಗೆ ಹೋಗಿ ಅತ್ತು ಬನ್ನಿ ಸಿಸ್ಟರ್. ಇಲ್ಲಿ ಕೆಲಸ ಇದೆ."

ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಅವಳು ಹೊರಕೋಣೆಗೆ ಬಂದಳು. ಬೆಂಚಿನ ಮೇಲೆ ಗುರುವಾರದ ಅಜ್ಜಿ ಕೂತಿದ್ದಳು, ಕೈಯಲ್ಲಿ ಅದೇ ಚೀಟಿ.

"ದೊಡ್ಡಾಸ್ಪತ್ರೇಲಿ ಸಾಲು ನಿಲ್ಲೋಕೆ ನನ್ನ ಕೈಲಿ ಆಗಲ್ಲಮ್ಮ. ಇವತ್ತಾದ್ರೂ ಕೀಳ್ತಾನಾ, ಇಲ್ಲ ಮತ್ತೆ ಕಥೆ ಹೇಳ್ತಾನಾ?"

ಅಷ್ಟರಲ್ಲಿ ಪೀಪಿ ಹೊರಗೆ ಬಂದ. ಬಾಯಿ ತುಂಬ ಹತ್ತಿ, ಕೈಯಲ್ಲಿ ಆ ಪುಟ್ಟ ಬಾಟಲಿ. ಹೇಗೆ ಎತ್ತಿಕೊಂಡು ಬಂದನೋ, ಒಳಗೆ ಕೈ ತೊಳೆಯುತ್ತಿದ್ದ ಡಾಕ್ಟರು ಮಾತ್ರ ಕೂಗಿಕೊಳ್ಳಲಿಲ್ಲ. ಕಸದ ಬುಟ್ಟಿ ಎಲ್ಲಿ ಎಂದು ಪೀಪಿ ಹುಬ್ಬಿನಲ್ಲೇ ಕೇಳಿದ. ಸಿಸ್ಟರಮ್ಮ ತೋರಿಸಿದಳು. ಹಾಕಿ, ಕೈ ಒರೆಸಿಕೊಂಡು, ಕಾರಿನ ಕಡೆ ಹೋದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬನ್ನಿ ಅಜ್ಜಿ. ಕೀಳ್ತಾರೆ."

ಒಳಗೆ ಡಾಕ್ಟರು ಅಜ್ಜಿಯ ಎಕ್ಸ್‌ರೇ ತೆಗೆದು, ಫಿಲ್ಮನ್ನು ತಮ್ಮ ಕೈಯಲ್ಲೇ ಸ್ವಲ್ಪ ಹೊತ್ತು ಹಿಡಿದು ನಿಂತರು. ಆಮೇಲೆ ಸಿಸ್ಟರಮ್ಮನ ಕಡೆ ಚಾಚಿದರು. ಮುಖದ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ತೊಳೀರಿ. ಚುಕ್ಕೆ ನೋಡ್ಕೊಂಡು ಹಾಕಿ."

ಅವಳು ತೊಳೆದಳು, ಒರೆಸಿದಳು. ಬೆಳಕಿನ ಡಬ್ಬಿಯ ಪಕ್ಕ ಹನ್ನೊಂದು ವರ್ಷದ ಆ ಹಳೆಯ ಫಿಲ್ಮ್ ಇನ್ನೂ ಬಿದ್ದಿತ್ತು. ಅದನ್ನು ಎತ್ತಿ ಬುಟ್ಟಿಗೆ ಹಾಕಿದಳು. ಹೊಸದರ ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. ಉಬ್ಬು ಸಿಕ್ಕಿತು.