ಮನೆ ಬುಟ್ಟಿಯ ಕ್ಯಾರೆಟ್

ನನ್ನ ತಮ್ಮನ ತರಕಾರಿ ಅಂಗಡಿಗೆ ಅಳುತ್ತಾ ಬಂದ ಮಕ್ಕಳು ಎಷ್ಟೋ ಮಂದಿ. ಅಳುತ್ತಾ ವಾಪಸು ಹೋದ ಒಂದು ಮಗುವನ್ನೂ ನಾನು ಕಂಡಿಲ್ಲ. ನನ್ನ ಹೊಲಿಗೆ ಮಿಷನ್ನು ಇರುವುದು ಅಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡು. ಕೆಳಗೆ ನಡೆಯುವ ನಾಟಕವೆಲ್ಲ ನನಗೆ ಪುಕ್ಕಟೆ.

ತರಕಾರಿ ಕಣ್ಣಿಗೆ ಒಳ್ಳೆಯದು, ರಕ್ತಕ್ಕೆ ಒಳ್ಳೆಯದು ಎಂದು ತಮ್ಮ ಯಾವ ಮಗುವಿಗೂ ಹೇಳುವುದಿಲ್ಲ. ಹಾಗೆ ಹೇಳಿದರೆ ಮಗು ಓಡುತ್ತದೆ, ಅದರ ಹಿಂದೆ ಅಮ್ಮನೂ ಓಡುತ್ತಾಳೆ, ವ್ಯಾಪಾರ ಅಲ್ಲಿಗೆ ಮುಗಿಯಿತು. ಅವನು ಒಂದು ಒಳ್ಳೆಯ ಕ್ಯಾರೆಟ್ ಆರಿಸಿ ತೆಳ್ಳಗೆ ಬಿಲ್ಲೆ ಕತ್ತರಿಸುತ್ತಾನೆ, ಬೆಳಕಿಗೆ ಹಿಡಿದು ನೋಡುತ್ತಾನೆ. ಆಮೇಲೆ ಮಗುವಿನ ಕಡೆ ತಿರುಗಿ, "ಇದು ನಿನಗಲ್ಲ ಕಣಪ್ಪ. ಇದನ್ನ ಕಚ್ಚೋಕೆ ಗಟ್ಟಿ ಹಲ್ಲು ಬೇಕು, ನಿನ್ನ ಕೈಲಿ ಆಗಲ್ಲ" ಎನ್ನುತ್ತಾನೆ. ಅಷ್ಟು ಸಾಕು. ಮನೆಯಲ್ಲಿ ತಟ್ಟೆ ಎತ್ತಿ ಎಸೆಯುವ ಮಗು ಇಲ್ಲಿ ಬಾಯಿ ಅಗಲಿಸಿ ನಿಲ್ಲುತ್ತದೆ. ಬೀದಿಯ ಅಮ್ಮಂದಿರೆಲ್ಲ ಅವನಿಗೆ ಮಂತ್ರ ಗೊತ್ತು ಎಂದು ನಂಬಿದ್ದಾರೆ. ಇವನೂ ಹೊಗಳಿಕೆಗೆ ಉಬ್ಬಿ, ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಹಾಕಿ ಕಳಿಸುತ್ತಾನೆ.

ಇಂಥ ಮಂತ್ರವಾದಿಯ ಮಗಳು ಬಟಾಣಿ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಅದಕ್ಕೇ ಆ ಹೆಸರು. ಈಗ ಎರಡನೇ ಕ್ಲಾಸಿನಲ್ಲಿದ್ದಾಳೆ. ಹೆಸರು ತರಕಾರಿಯದ್ದಾದರೂ ಅವಳು ತರಕಾರಿಯನ್ನು ಸುತರಾಂ ಮುಟ್ಟುವುದಿಲ್ಲ. ಬ್ರೆಡ್ಡು, ಹಾಲು, ಮೊಟ್ಟೆ, ಬಿಸ್ಕತ್ತು, ಇಷ್ಟರಲ್ಲೇ ಅವಳ ಪ್ರಪಂಚ. ಅವಳಮ್ಮ ಕ್ಯಾರೆಟ್ ತುರಿದು ಆಮ್ಲೆಟ್ಟಿನಲ್ಲಿ ಬಚ್ಚಿಟ್ಟರೆ, ಬಟಾಣಿ ಒಂದೊಂದೇ ಎಳೆ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ. ಹಣ್ಣಿನ ಗತಿಯೂ ಅದೇ. ಪೇರು ಹಣ್ಣು ಕಂಡರೆ ಮೂಗು ಮುಚ್ಚಿಕೊಳ್ಳುತ್ತಾಳೆ.

"ಯಾರ ಹೋಲಿಕೆಯೋ ಇದು" ಎಂದು ತಮ್ಮ ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತಾನೆ. ನೋಡಲಿ. ನಾನೂ ಹುರುಳಿಕಾಯಿ ತಿನ್ನುವುದಿಲ್ಲ, ಅದು ನನ್ನ ಇಷ್ಟ. ನನ್ನ ಊಟದ ಲೆಕ್ಕ ಕೇಳಲು ಇವನ್ಯಾರು?

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಅಂಗಡಿ ನಮ್ಮ ಅಮ್ಮನ ಕಾಲದ್ದು. ಸಂಜೆ ಬಾಗಿಲು ಹಾಕುವ ಮೊದಲು ಮಾಲು ಆರಿಸುತ್ತೇವೆ. ಗಟ್ಟಿ ಇರುವುದಕ್ಕೆ ಒದ್ದೆ ಗೋಣಿ ಹೊದಿಸಿ ನಾಳೆಗೆ ಇಡುವುದು. ಬಾಡಿದ್ದು, ಪೆಟ್ಟಾದದ್ದು, ಒಂದು ಮಗ್ಗುಲು ಕೊಳೆತದ್ದು ಮೆಟ್ಟಿಲ ಕೆಳಗಿನ ಬುಟ್ಟಿಗೆ. ಅದಕ್ಕೆ ಮನೆ ಬುಟ್ಟಿ ಎಂದು ಹೆಸರು. ಮನೆಯ ಅಡುಗೆ ಅದರಿಂದಲೇ. ಕೊಳೆತ ಭಾಗ ಕೆತ್ತಿ ತೆಗೆದರೆ ಉಳಿದದ್ದು ಚಿನ್ನ ಎನ್ನುತ್ತಿದ್ದಳು ಅಮ್ಮ. ಮಾರುವ ಮಾಲಿಗೆ ಮನೆಯವರು ಕೈ ಹಾಕಬಾರದು, ಅದು ಕಟ್ಟುನಿಟ್ಟು. ಬಟಾಣಿ ಚಿಕ್ಕವಳಿದ್ದಾಗ ಒಮ್ಮೆ ಮುಂದಿನ ಸಾಲಿನ ಸೇಬಿಗೆ ಬಾಯಿ ಹಾಕಿ, ಕೈ ಮೇಲೆ ಪೆಟ್ಟು ತಿಂದಿದ್ದಳು. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಜಾಣೆ, ಒಂದು ಸಲ ಹೇಳಿದರೆ ಸಾಕು ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಒಂದು ಸೋಮವಾರ ಬಟಾಣಿಯ ಕ್ಲಾಸ್ ಟೀಚರ್ ಅಂಗಡಿಗೆ ಬಂದರು. ಮಕ್ಕಳ ಊಟದ ಡಬ್ಬಿಯಲ್ಲಿ ತರಕಾರಿ ಹಾಗೇ ಉಳಿಯುತ್ತದೆ, ಏನು ಹೇಳಿದರೂ ಕೇಳುವುದಿಲ್ಲ ಎಂದು ಗೋಳು ಹೇಳಿಕೊಂಡರು.

"ನೀವೇ ಬನ್ನಿ ಶುಕ್ರವಾರ. ನಿಮ್ಮ ಮಾತನ್ನ ಕೇಳದ ಮಕ್ಕಳೇ ಇಲ್ವಂತೆ" ಎಂದರು.

ತಮ್ಮ ಹಿಂದುಮುಂದು ನೋಡದೆ ತಲೆಯಾಡಿಸಿಬಿಟ್ಟ. ಟೀಚರ್ ಬೀದಿ ತಿರುವು ದಾಟಿದ ಮೇಲೆ ಅವನಿಗೆ ಮಗಳ ನೆನಪಾಯಿತು. ಓಡಿ ಮೇಲಕ್ಕೆ ಬಂದ.

"ಅಕ್ಕ, ಕೆಟ್ಟೆ ಕಣೇ. ಅಷ್ಟೂ ಮಕ್ಕಳ ಮುಂದೆ ಇವಳು ಮೂಗು ಮುಚ್ಕೊಂಡ್ರೆ? ಮಗಳಿಗೇ ತಿನ್ನಿಸೋಕಾಗ್ದೋನು ನಮಗೆ ಹೇಳೋಕೆ ಬಂದ ಅಂತ ನಗಲ್ವಾ?"

"ನಗ್ತಾರೆ. ನಾನೇ ಮೊದಲು ನಗ್ತೀನಿ" ಎಂದೆ. ಹೇಳಿದ್ದೇನೋ ತಮಾಷೆಗೆ, ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಬಾಯಿ ಬಡಾಯಿಯ ಮನುಷ್ಯ ಅಷ್ಟು ಪೆಚ್ಚಾದದ್ದನ್ನು ನಾನು ನೋಡಿರಲಿಲ್ಲ.

ಆ ವಾರವಿಡೀ ಮನೆಯಲ್ಲಿ ಬಟಾಣಿಗೆ ಉಪಚಾರವೋ ಉಪಚಾರ. ಅವಳಮ್ಮ ಸೋರೆಕಾಯಿಯನ್ನು ನಕ್ಷತ್ರದ ಹಾಗೆ ಕತ್ತರಿಸಿ ಬೇಯಿಸಿದಳು. ಬೆಂದ ಮೇಲೆ ನಕ್ಷತ್ರ ಗಂಜಿಯಾಯಿತು. ನಾನು ತರಕಾರಿ ತಿಂದು ಗುಡ್ಡ ಹತ್ತಿದ ರಾಜಕುಮಾರಿಯ ಕಥೆ ಕಟ್ಟಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅತ್ತೆ, ಅವಳು ಹುರುಳಿಕಾಯಿನೂ ತಿಂತಿದ್ಲಾ?" ಎಂದಳು ಕಳ್ಳಿ. ನಾನು ಸುಮ್ಮನೆ ಸೂಜಿಗೆ ದಾರ ಪೋಣಿಸಿದೆ.

ತಮ್ಮ ತನ್ನ ಮಂತ್ರವನ್ನೇ ಪ್ರಯೋಗಿಸಿದ. ಮನೆ ಬುಟ್ಟಿಯಿಂದ ಇದ್ದುದರಲ್ಲಿ ವಾಸಿಯಾದ ಕ್ಯಾರೆಟ್ ತೆಗೆದು, ಬಿಲ್ಲೆ ಕತ್ತರಿಸಿ ಬೆಳಕಿಗೆ ಹಿಡಿದ. "ಇದು ನಿನಗಲ್ಲ ಪುಟ್ಟಿ" ಎಂದ.

"ಆಯ್ತು ಅಪ್ಪ" ಎಂದು ಬಟಾಣಿ ಎದ್ದು ಆಡಲು ಹೋದಳು. ಬಿಲ್ಲೆ ಅವನ ಕೈಯಲ್ಲೇ ಉಳಿಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗುರುವಾರ ಮಧ್ಯಾಹ್ನ ಮಾತ್ರ ನಗು ಬರಲಿಲ್ಲ. ಸ್ಕೂಲಿನಿಂದ ಬಂದವಳು ನನ್ನ ಗುಂಡಿ ಡಬ್ಬಿಯ ಮುಂದೆ ಕೂತು ಬಣ್ಣ ಬಣ್ಣದ ಗುಂಡಿ ಜೋಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಅತ್ತೆ, ನಾಳೆ ನಂಗೆ ಜ್ವರ ಬರೋ ಹಾಗೆ ಮಾಡೋಕಾಗುತ್ತಾ?"

"ಯಾಕೇ?"

"ನಾನು ತಿನ್ನಲ್ಲ ಅಂತ ನಮ್ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ಅಪ್ಪನ್ನ ನೋಡಿ ನಗ್ತಾರೆ. ನಂಗೇನಾದ್ರೂ ಅನ್ನಲಿ, ಅಪ್ಪನ್ನ ನೋಡಿ ನಗಬಾರದು."

ನಾನು ಏನೋ ಸಮಾಧಾನ ಹೇಳಿದೆ. ಅವಳು ಕೆಳಗಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕೆಳಗೆ ಓಕರಿಸುವ ಸದ್ದು ಕೇಳಿ ಇಣುಕಿದರೆ, ಮನೆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಹಗ್ಗದ ಹಾಗೆ ಜೋತ ಕ್ಯಾರೆಟ್. ಅಪ್ಪನ ಮಾನ ಉಳಿಸಲು ಅಭ್ಯಾಸ ಮಾಡುತ್ತಿದ್ದಳು. ನುಂಗಲಾಗದೆ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತೊಳೆಸಿ, ಬಿಸ್ಕತ್ತು ಕೊಟ್ಟೆ. ಇನ್ನೇನು ಮಾಡಬೇಕೆಂದು ನನಗೆ ಹೊಳೆಯಲಿಲ್ಲ.

ಶುಕ್ರವಾರ ತಮ್ಮ ಬೆಳಗಿನ ಲಾರಿಯಿಂದ ಇಳಿದ ಮಾಲಿನಲ್ಲಿ ಕುಂದು ಹೇಳಲು ಆಗದಂಥದ್ದನ್ನೇ ಆರಿಸಿ ಎರಡು ಬುಟ್ಟಿ ತುಂಬಿದ. ಸೊಪ್ಪು ಸಮೇತ ಕ್ಯಾರೆಟ್, ಎಳೆ ಸೌತೆಕಾಯಿ, ಪೇರು ಹಣ್ಣು, ಹುರುಳಿಕಾಯಿ, ದ್ರಾಕ್ಷಿ. ಒಂದು ಬುಟ್ಟಿಯನ್ನು ನಾನು ಹೊತ್ತೆ. ಮಿಷನ್ನಿಗೆ ಒಂದು ದಿನ ರಜೆ.

ಕ್ಲಾಸಿನಲ್ಲಿ ಡೆಸ್ಕುಗಳನ್ನು ಗೋಡೆಗೆ ಸರಿಸಿ ಮಕ್ಕಳನ್ನು ನೆಲದ ಮೇಲೆ ಕೂರಿಸಿದ್ದರು. ಬಟಾಣಿ ಕಟ್ಟಕಡೆಯ ಸಾಲಿನಲ್ಲಿ, ಒಬ್ಬ ದಪ್ಪ ಹುಡುಗನ ಬೆನ್ನ ಹಿಂದೆ ಅಡಗಿದ್ದಳು. ತಮ್ಮ ಮೊದಲು ಸ್ವಲ್ಪ ತೊದಲಿದ. ಚಾಕು ಕೈಗೆ ಬಂದದ್ದೇ ತಡ, ಅಂಗಡಿಯ ಮನುಷ್ಯನಾದ. "ಇದು ನಿಮಗಲ್ಲ. ನಿಮ್ಮ ಟೀಚರಿಗೆ ತಂದಿದ್ದು. ಅವರಿಗೆ ಮಾತ್ರ ಗಟ್ಟಿ ಹಲ್ಲಿದೆ" ಎಂದ. ಸಾಲುಗಳು ಅಲ್ಲೋಲಕಲ್ಲೋಲವಾದವು. ಒಬ್ಬ ತನ್ನ ಹಲ್ಲು ತೋರಿಸಿದ, ಇನ್ನೊಬ್ಬಳು ಬಿದ್ದ ಹಲ್ಲಿನ ಜಾಗವನ್ನೂ ತೋರಿಸಿದಳು. ಕ್ಷಣದಲ್ಲಿ ಸೌತೆಕಾಯಿ ಖಾಲಿ. ದ್ರಾಕ್ಷಿಗೆ ನೂಕುನುಗ್ಗಲು. ಟೀಚರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಅಷ್ಟರಲ್ಲಿ ಆ ದಪ್ಪ ಹುಡುಗ ಹಿಂದೆ ತಿರುಗಿ ಕೂಗಿದ. "ಟೀಚರ್, ಇವಳು ತಗೊಂಡೇ ಇಲ್ಲ! ಅಂಗಡಿ ಅಂಕಲ್ ಮಗಳೇ ತಿಂತಿಲ್ಲ!"

ಗದ್ದಲ ನಿಂತಿತು. ಎಲ್ಲರ ಕಣ್ಣೂ ಅವಳ ಮೇಲೆ. ತಮ್ಮನ ಮುಖ ಬಿಳುಚಿತು. ಬಟಾಣಿ ಅಪ್ಪನನ್ನು ನೋಡಿದಳು, ಎದ್ದಳು, ನೇರವಾಗಿ ಬುಟ್ಟಿಯ ಹತ್ತಿರ ಬಂದು ಒಂದು ಇಡೀ ಕ್ಯಾರೆಟ್ ಎತ್ತಿಕೊಂಡಳು. ಕಣ್ಣು ಬಿಗಿಯಾಗಿ ಮುಚ್ಚಿ, ಮೂಗು ಹಿಡಿದು, ಔಷಧಿ ಕುಡಿಯುವವಳ ಹಾಗೆ ಕಚ್ಚಿದಳು.

ಕಟಕ್!

ಅವಳು ಬೆಚ್ಚಿ ಕಣ್ಣು ಬಿಟ್ಟಳು. ಮೂಗಿನ ಮೇಲಿದ್ದ ಕೈ ತಾನಾಗಿ ಇಳಿಯಿತು. ನಿಧಾನವಾಗಿ ಅಗಿದಳು, ಇನ್ನೊಮ್ಮೆ ಕಚ್ಚಿದಳು, ಮತ್ತೆ ಕಟಕ್.

"ಅಪ್ಪ, ಇದು ಸದ್ದು ಮಾಡುತ್ತೆ!" ಎಂದಳು. "ಸಿಹಿಯಾಗಿದೆ! ಇದೇನಿದು?"

"ಕ್ಯಾರೆಟ್ ಕಣೇ" ಎಂದ ತಮ್ಮ.

"ಅಲ್ಲ. ಕ್ಯಾರೆಟ್ ನಂಗೊತ್ತು. ಅದು ಬಗ್ಗುತ್ತೆ, ಸದ್ದು ಮಾಡಲ್ಲ. ಮಣ್ಣು ಮಣ್ಣು ರುಚಿ."

ಮಕ್ಕಳು ಗೊಳ್ಳೆಂದು ನಕ್ಕರು, ಟೀಚರ್ ಕೂಡ. ನಾನು ಮಾತ್ರ ನಗಲಿಲ್ಲ, ತಮ್ಮನೂ ನಗಲಿಲ್ಲ. ಬಟಾಣಿ ಮೂರನೇ ತುತ್ತಿಗೆ ಬಾಯಿ ತೆರೆದವಳು ತಟ್ಟನೆ ನಿಲ್ಲಿಸಿದಳು. ಕ್ಯಾರೆಟ್ಟಿನ ಹಸಿರು ಸೊಪ್ಪನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಮುಖ ಸಣ್ಣದಾಯಿತು. ಕಚ್ಚಿದ ತುದಿಯನ್ನು ಫ್ರಾಕಿಗೆ ಒರೆಸಿ, ಅಪ್ಪನ ಕಡೆ ಚಾಚಿದಳು.

"ಇದು ಮಾರೋದಲ್ವಾ ಅಪ್ಪ? ಸಾರಿ. ನಂಗೆ ಗೊತ್ತಾಗ್ಲಿಲ್ಲ."

ಕ್ಲಾಸಿನ ಮಕ್ಕಳಿಗೆ ಇದು ಅರ್ಥವಾಗಿರಲಾರದು. ನನಗೆ ಅರ್ಥವಾಯಿತು. ಊರ ಮಕ್ಕಳಿಗೆಲ್ಲ ಒಳ್ಳೆಯದನ್ನೇ ಆರಿಸಿ ಬಾಯಿಗಿಟ್ಟ ಕೈ ಅದು. ಮಗಳಿಗೆ ಅದು ನಿನಗಲ್ಲ ಎಂದದ್ದು ಒಂದು ದಿನದ ಮಾತಲ್ಲ, ಹುಟ್ಟಿದಾಗಿನಿಂದ ಅವಳು ಕೇಳಿಕೊಂಡು ಬಂದದ್ದು. ನಾವು ಅದನ್ನು ಜಾಣತನ ಎಂದು ಮೆಚ್ಚಿಕೊಂಡಿದ್ದೆವು!

ತಮ್ಮ ಮಂಡಿಯೂರಿ ಕೂತ. ಚಾಚಿದ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ತಿನ್ನು ಮಗಳೇ. ನಿನಗೇ ತಂದಿದ್ದು" ಎಂದ.

"ಪೂರ್ತಿನಾ?"

"ಪೂರ್ತಿ."

ಅವಳು ಕಟಕಟನೆ ತಿಂದಳು. ದಪ್ಪ ಹುಡುಗ ಹೊಟ್ಟೆಕಿಚ್ಚಿನಿಂದ ತನಗೂ ಇಡೀದು ಬೇಕೆಂದು ಹಟ ಹಿಡಿದ. ಎರಡೂ ಬುಟ್ಟಿ ಬರಿದಾದವು. ಟೀಚರ್ ಚಪ್ಪಾಳೆ ತಟ್ಟಿಸಿದರು. ತಮ್ಮ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಮಗಳ ಬಾಯಿಯನ್ನೇ ನೋಡುತ್ತಾ ನಿಂತಿದ್ದ.

ವಾಪಸು ಬರುವಾಗ ಅವನು ಖಾಲಿ ಬುಟ್ಟಿ ಹಿಡಿದು ಮುಂದೆ ಮುಂದೆ ನಡೆದ. ನನಗೆ ಸಿಟ್ಟು, ಯಾರ ಮೇಲೆಂದು ತಿಳಿಯದ ಸಿಟ್ಟು. ನನ್ನ ಬುಟ್ಟಿಯ ತಳದಲ್ಲಿ ಒಂದೇ ಒಂದು ಹುರುಳಿಕಾಯಿ ಉಳಿದಿತ್ತು. ಯಾರೂ ನೋಡದಾಗ ಬಾಯಿಗೆ ಹಾಕಿಕೊಂಡೆ. ಎಳೆಯದು, ನೀರು ನೀರಾಗಿ, ಎಷ್ಟು ಚೆನ್ನಾಗಿತ್ತೆಂದರೆ ಬೀದಿಯಲ್ಲೇ ಅಳು ಬಂದುಬಿಟ್ಟಿತು. ನನಗೂ ತಲೆ ನರೆಯುತ್ತಾ ಬಂದಿದೆ. ಇಷ್ಟು ದಿನ ನಾನು ತಿನ್ನದೆ ಬಿಟ್ಟದ್ದು ಇದನ್ನಲ್ಲ!

ಮರುದಿನ ಬೆಳಿಗ್ಗೆ ಲಾರಿ ಮಾಲು ಇಳಿಸಿ ಹೋಯಿತು. ತಮ್ಮ ಶಟರ್ ಅರ್ಧ ಮಾತ್ರ ಎತ್ತಿ, ಹೆಂಡತಿಯನ್ನೂ ಮಗಳನ್ನೂ ನನ್ನನ್ನೂ ಕರೆದ. ಮನೆ ಬುಟ್ಟಿ ಖಾಲಿಯಾಗಿ, ತೊಳೆದು, ಮುಂದಿನ ಮೇಜಿನ ಮೇಲೆ ಕೂತಿತ್ತು.

"ಮೊದಲು ಮನೆಗೆ ಆರಿಸಿ. ಆಮೇಲೆ ಅಂಗಡಿ ತೆಗೀತೀನಿ" ಎಂದ.

"ಹಾಗಾದ್ರೆ ಬಾಡಿದ್ದನ್ನ ಏನ್ ಮಾಡ್ತೀರಿ?" ಎಂದಳು ಹೆಂಡತಿ.

"ಬಾಡೋ ಮೊದಲೇ ಕಡಿಮೆ ರೇಟಿಗೆ ಕೊಟ್ಟುಬಿಡ್ತೀನಿ. ನೀನು ಆರಿಸೇ."

ಬಟಾಣಿ ಕ್ಯಾರೆಟ್ ರಾಶಿಯ ಮುಂದೆ ಬಹಳ ಹೊತ್ತು ನಿಂತಳು. ಮೇಲಿನದನ್ನು ಸರಿಸಿ, ಕೆಳಗಿನದನ್ನು ಕೆದಕಿ, ಕೊನೆಗೆ ತುದಿ ಮುರಿದ ಸೊಟ್ಟದೊಂದನ್ನು ಹುಡುಕಿ ತೆಗೆದು ಬುಟ್ಟಿಯಲ್ಲಿಟ್ಟಳು.

"ಅದ್ಯಾಕೆ ಪುಟ್ಟಿ?"

"ಇದನ್ನ ಯಾರೂ ತಗೊಳ್ಳಲ್ಲ ಅಪ್ಪ. ನಿಂಗೆ ನಷ್ಟ ಆಗಲ್ಲ."

ತಮ್ಮ ಅತ್ತ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ ರಾಶಿಯ ನೆತ್ತಿಯ ಮೇಲಿದ್ದ, ಗಿರಾಕಿಗಳ ಕಣ್ಣಿಗೆ ಬೀಳಲೆಂದೇ ಜೋಡಿಸಿದ್ದ ಚೆಂದದ ಕ್ಯಾರೆಟ್ಟುಗಳನ್ನು ಎರಡೂ ಕೈಯಲ್ಲಿ ಬಾಚಿ ಅವಳ ಮಡಿಲಿಗೆ ಸುರಿದ. ರಾಶಿ ಬೋಳಾಯಿತು. ಬಟಾಣಿ ಒಂದನ್ನು ತೊಳೆದುಕೊಂಡು ಬಂದು, ಹೊಸಿಲ ಮೇಲೆ ಕೂತು ಕಚ್ಚಿದಳು.

ಶಟರ್ ಪೂರ್ತಿ ಮೇಲೇರುವ ಹೊತ್ತಿಗೆ ಮೊದಲ ಗಿರಾಕಿ, ಪಕ್ಕದ ಬೀದಿಯ ಔಷಧಿ ಅಂಗಡಿಯವರು, ಚೀಲ ಹಿಡಿದು ನಿಂತಿದ್ದರು. ಕಟಕ್ ಸದ್ದಿಗೆ ತಿರುಗಿ, "ಇದೆಲ್ಲಿತ್ತು ಇಷ್ಟು ಚೆನ್ನಾಗಿರೋದು? ನಂಗೂ ಇದನ್ನೇ ಅರ್ಧ ಕಿಲೋ ಹಾಕಿ" ಎಂದು ಬಟಾಣಿಯ ಮಡಿಲಿಗೆ ಬೆರಳು ತೋರಿಸಿದರು.

ತಮ್ಮ ತಕ್ಕಡಿ ಒರೆಸುತ್ತಾ ನಕ್ಕ.

"ಅದು ನಿಮಗಲ್ಲ ಸ್ವಾಮಿ," ಎಂದ, "ಅದು ನನ್ನ ಮಗಳಿಗೆ."