ಒಂದೇ ಚುಕ್ಕೆಯ ನೊಣ

ನಮ್ಮ ಮನೆಯ ಹಿಂದಿನ ಗೋಡೆಗೆ ಹತ್ತೊಂಬತ್ತು ವರ್ಷಗಳಿಂದ ಗಾರೆ ಬಿದ್ದಿಲ್ಲ. ನನ್ನ ಗಂಡ ಗಾರೆ ಕೆಲಸದವರು. ಊರವರ ಗೋಡೆಗಳನ್ನೆಲ್ಲ ಕನ್ನಡಿಯ ಹಾಗೆ ಮಾಡಿ ಬಂದು, ನಮ್ಮ ಗೋಡೆಯ ಬಿರುಕು ನೋಡಿಕೊಂಡು ಊಟ ಮಾಡುತ್ತಾರೆ. ಮುಟ್ಟುವ ಹಾಗಿಲ್ಲ. ಆ ಬಿರುಕುಗಳಲ್ಲಿ ನನ್ನ ಹೆಸರಿನ ಮರಳುನೊಣ ಇದೆಯೆಂದು ನಾನು ಕೆಲಸ ಮಾಡುವ ಕೀಟ ಸಂಶೋಧನಾ ಸಂಸ್ಥೆಯ ನಕ್ಷೆ ಹೇಳುತ್ತದೆ. ಬೇರೆ ಜಾತಿಗಳಿಗೆ ನಕ್ಷೆಯ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ನನ್ನದಕ್ಕೆ ಒಂದೇ ಚುಕ್ಕೆ, ನಮ್ಮ ಮನೆ.

ಗಾಜಿನ ಪಟ್ಟಿಯ ಮೇಲೆ ನೊಣ ಅಂಟಿಸುವುದು ನನ್ನ ಕೆಲಸ. ಮರಳುನೊಣದ ಜಾತಿ ತಿಳಿಯಬೇಕಾದರೆ ಎರಡು ಕಡೆ ಇಣುಕಬೇಕು: ಗಂಟಲೊಳಗಿನ ಹಲ್ಲಿನ ಸಾಲು, ಹೊಟ್ಟೆಯೊಳಗಿನ ಉಂಗುರುಂಗುರದ ಚೀಲ. ಹಲ್ಲು ಕಾಣಲು ತಲೆಯನ್ನು ಸೂಜಿಯಿಂದ ಬೇರೆ ಮಾಡಿ, ಅಂಗಾತ ಮಲಗಿಸಿ, ಮೈಯ ಪಕ್ಕದಲ್ಲೇ ಇಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯ ಗೋಡೆಗೇ ಎಣ್ಣೆ ಸವರಿದ ಕಾಗದ ತೂಗುಹಾಕಿ, ಅಂಟಿಕೊಂಡ ನೊಣಗಳಲ್ಲಿ ಕೈ ಪಳಗಿಸಿಕೊಂಡೆ. ಅವುಗಳಲ್ಲಿ ಹನ್ನೊಂದನೆಯದನ್ನು ನೋಡಿದ ನಮ್ಮ ಹಿರಿಯ ಅಧಿಕಾರಿ, ಎಲ್ಲರೂ ಬೆನ್ನ ಹಿಂದೆ ಭೂತಗನ್ನಡಿ ಎನ್ನುವವರು, ಕುರ್ಚಿಯಿಂದ ಎದ್ದೇಬಿಟ್ಟರು. ಇಂಥ ಹಲ್ಲಿಗೆ ಇಂಥ ಚೀಲ ಎಲ್ಲೂ ಇಲ್ಲವಂತೆ. ಹೊಸ ಜಾತಿ. ಹಿಡಿದವಳ ಹೆಸರನ್ನೇ ಇಟ್ಟರು.

ಅವತ್ತಿನಿಂದ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನವನಿಗೆ, ದರ್ಜಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇ ಹೇಳಿದ್ದು. ಹೆಸರಿನ ಬೀದಿ ಬೇಕಾದಷ್ಟು ಜನಕ್ಕೆ ಇದ್ದೀತು, ಸೊಸೆ ಹೆಸರಿನ ನೊಣ ಯಾರ ಮನೇಲಿದೆ ತೋರಿಸಿ ಎಂದು ಸವಾಲು ಬೇರೆ. ಇರುವ ಒಂದೂವರೆ ಕೋಣೆಯಲ್ಲಿ ಅವರ ಹಾಸಿಗೆ ಆ ಗೋಡೆಗೇ ಒತ್ತಿಕೊಂಡಿದೆ. ಮಣ್ಣು ಉದುರಿ ಉದುರಿ ಈಗ ಕೆಮ್ಮು ಹಿಡಿದಿದೆ. ಗೋಡೆ ಮುಚ್ಚಿಸಿ ಎಂದು ಡಾಕ್ಟರು ಎರಡು ಸಲ ಹೇಳಿದ್ದಾರೆ.

ಕಳೆದ ವಾರ, ಅಂಟು ಹಳದಿಯಾದ ಹಳೆಯ ಗಾಜುಗಳ ನೊಣಗಳನ್ನು ಹೊಸ ಅಂಟಿನಲ್ಲಿ ಕೂರಿಸಲು ಕೊಟ್ಟರು. ಹನ್ನೆರಡನೆಯ ನೊಣದ ತಲೆ ಬೋರಲಾಗಿ ಬಿದ್ದಿತ್ತು. ಹೊಟ್ಟೆ ನೋಡಿ ಮಾಮೂಲಿ ಎಂದು ಬದಿಗಿಟ್ಟವರು ಅದರ ಹಲ್ಲನ್ನು ಎಣಿಸಿರಲೇ ಇಲ್ಲ. ತಿರುಗಿಸಿ ಎಣಿಸಿದೆ. ಹನ್ನೊಂದರ ಚೀಲಕ್ಕೆ ಇರಬೇಕಾದ ಹಲ್ಲು. ಅದು ಹನ್ನೊಂದರ ತಲೆ. ಹನ್ನೊಂದರ ಪಕ್ಕ ಇದ್ದದ್ದು ಹನ್ನೆರಡರದು. ಕೈ ಪಳಗದ ದಿನಗಳಲ್ಲಿ ಬೇರೆ ಬೇರೆ ಜಾತಿಯ ಎರಡು ಮಾಮೂಲಿ ನೊಣಗಳ ತಲೆಗಳನ್ನು ಅದಲುಬದಲು ಮಾಡಿದ್ದೆ. ನನ್ನ ಹೆಸರಿನ ನೊಣ ಹುಟ್ಟಿದ್ದು ನನ್ನ ಸೂಜಿಯ ತುದಿಯಲ್ಲಿ.

ಭೂತಗನ್ನಡಿಯವರು ಎರಡೂ ಗಾಜು ನೋಡಿದರು. ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಜಾತಿಯನ್ನು ಹಿಂದಕ್ಕೆ ಪಡೆಯುವ ಒಂದು ಪುಟ ಬರೆದು, ತಾವು ಸಹಿ ಹಾಕಿ, ನನ್ನದಕ್ಕೆ ಜಾಗ ಬಿಟ್ಟು ಕೊಟ್ಟರು.

"ಮೊದಲು ಮನೇಲಿ ಹೇಳ್ಬಿಡಿ. ಬೇರೆಯವರ ಬಾಯಿಂದ ಗೊತ್ತಾಗ್ಬಾರ್ದು."

ನಿನ್ನೆ ಹೇಳಿದೆ. ಗಂಡ ಎದ್ದು ಹೋಗಿ ಗಾರೆಯ ಕರಣೆ ತೊಳೆದಿಟ್ಟರು. ಅತ್ತೆಯ ಹಾಸಿಗೆಯ ಮೇಲೆ ಕೂತು, ಅಂಥ ನೊಣವೇ ಇಲ್ಲ, ನಾಳೆಯೇ ಗೋಡೆಗೆ ಗಾರೆ ಹಾಕಿಸಬಹುದು ಎಂದೆ. ಅವರು ದಿಂಬಿನ ಮೇಲೆ ಉದುರಿದ ಮಣ್ಣನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದರು.

"ಯಾರು ಹೇಳಿದ್ದು, ಆ ಭೂತಗನ್ನಡಿನಾ?"

"ಇಲ್ಲ ಅತ್ತೆ, ನಾನೇ. ನಾನೇ ತಲೆ ಬದಲಾಯಿಸಿ ಇಟ್ಟಿದ್ದೆ."

"ನಿನ್ನ ಕಣ್ಣು ಮಂಜಾಗಿದೆ ಅಷ್ಟೆ. ಹತ್ತೊಂಬತ್ತು ವರ್ಷ ಈ ಮಣ್ಣು ತಿಂದ್ಕೊಂಡು ಮಲಗಿದ್ದೀನಿ ಕಣೇ. ಯಾರಿಗೋಸ್ಕರ? ಈಗ ಏನೂ ಇರ್ಲೇ ಇಲ್ಲ ಅಂತೀಯಾ?"

ಕೆಮ್ಮು ಬಂತು. ನಾನು ಬೆನ್ನು ನೀವಿದೆ. ಕೆಮ್ಮು ನಿಂತ ಮೇಲೆ ಅತ್ತೆ ಮೆಲ್ಲಗೆ ಅಂದರು, "ಸಂಜೆ ಆಯ್ತು, ದಿನದ ಹಾಗೆ ಗೋಡೆಗೆ ಎಣ್ಣೆ ಕಾಗದ ಹಾಕು ಹೋಗು."

ಹಾಕಿದೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕರಣೆ ಒಣಗಿ ಮೂಲೆ ಸೇರಿತ್ತು. ಸಹಿಯಿಲ್ಲದ ಪುಟ ಚೀಲದಲ್ಲೇ ಇತ್ತು. ಗೋಡೆಯ ಕಾಗದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಏಳು ನೊಣ ಅಂಟಿದ್ದವು. ಅತ್ತೆ ಮಗ್ಗುಲು ತಿರುಗಿ ಕಣ್ಣು ಬಿಟ್ಟರು.

"ನಿನ್ನದು ಬಂತೇನೇ?"

"ನೋಡ್ಬೇಕು ಅತ್ತೆ."

"ಬರುತ್ತೆ ಬಿಡು. ಎಲ್ಲಿಗೆ ಹೋಗುತ್ತೆ ಅದು, ಇರೋದೇ ಒಂದು ಮನೆ."