ಉಪ್ಪು ನೋಡದ ಸಾರು

ಲೂಸಿಯೆನ್‌ನ ನಾಲಿಗೆಗೆ ರುಚಿ ತಿಳಿಯುವುದಿಲ್ಲವೆಂಬುದು ಆ ಅಡಿಗೆಮನೆಯಲ್ಲಿ ಗುರುಬಸವ್ವನೊಬ್ಬಳಿಗೇ ಗೊತ್ತಿತ್ತು. ಹೋದ ಚಳಿಗಾಲದ ಜ್ವರ ಒಯ್ದ ರುಚಿ ಮರಳಿ ಬರಲಿಲ್ಲ.

ಅವನು ನ್ಯೂ ಆರ್ಲಿಯನ್ಸಿನ ಕ್ರಿಯೋಲ್ ಎಂಬ ಫ್ರೆಂಚ್ ಮೂಲದ ಮನೆತನದವನು. ನಲವತ್ತು ವರ್ಷ ರಾಯಭಾರಿಗಳಿಗೂ ಮಂತ್ರಿಗಳಿಗೂ ಉಣಬಡಿಸಿ, ಮುಪ್ಪಿನಲ್ಲಿ ಪೋರ್ಟ್ ಕ್ರೆಡಿಟ್ ಎಂಬ ಸರೋವರದ ದಂಡೆಯ ಊರಿನ ಈ ಹೋಟೆಲು ಸೇರಿದ್ದ. ಗದಗಿನ ಕಡೆಯಿಂದ ಕಡಲು ದಾಟಿ ಬಂದ ವಿಧವೆ ಗುರುಬಸವ್ವ ಜಿಗುಟು ಬಿಡದಂತೆ ಬೆಂಡೆಕಾಯಿ ಹೆಚ್ಚುವುದನ್ನು ನೋಡಿ, ತಾನೇ ಕೆಲಸಕ್ಕೆ ಇಟ್ಟುಕೊಂಡಿದ್ದ. ಪಾತ್ರೆ ತೊಳೆಯುವ ದಾನಪ್ಪನಿಂದ ಕಲಿತು ಅವಳನ್ನು 'ಅಕ್ಕಾರ' ಎನ್ನುತ್ತಿದ್ದ.

ಒಂದು ದಿನ ಹುಳಿತ ಕೆನೆಯನ್ನು ಅವನು ಸುಮ್ಮನೆ ನುಂಗಿದ್ದನ್ನು ಅವಳು ಕಂಡಳು. ಅವನು ಅತ್ತುಬಿಟ್ಟ. ಅಂದಿನಿಂದ ಕಾಯಿಪಲ್ಯ, ಅನ್ನ, ಸಿಹಿ ಅವಳು ಬಾಯಲ್ಲಿಟ್ಟು ನೋಡುವಳು. ಮಾಂಸ, ಸಿಗಡಿ ಬಿದ್ದದ್ದನ್ನು ಬಣ್ಣದಿಂದ, ವಾಸನೆಯಿಂದ ಹೇಳುವಳು. ಉಪ್ಪನ್ನು ಅವನೇ ಅಳೆದು ಹಾಕುವನು. ಅವಳು ಲಿಂಗ ಕಟ್ಟಿಕೊಂಡವಳು. ಹೊಟ್ಟೆಪಾಡಿಗೆ ಕೈ ಏನು ಮುಟ್ಟಿದರೂ ನಾಲಿಗೆ ಮುಟ್ಟಗೊಡುವುದಿಲ್ಲವೆಂದು ಸಾಯುವ ಗಂಡನ ಕೈ ಹಿಡಿದು ಮಾತು ಕೊಟ್ಟಿದ್ದಳು.

ಆ ಬುಧವಾರ ಮಧ್ಯಾಹ್ನ ಪರದೇಶದ ಮಂತ್ರಿಗಳಿಗೆ ಔತಣವಿತ್ತು. ನಲವತ್ತು ಜನ. ಹೋಟೆಲಿನ ಮಾಲೀಕ ಧೀರಜ್ ಬೆಂಗಳೂರಿನವನು. ಬೆಳಿಗ್ಗೆಯೇ ಬಂದು ಅವಳ ಕಿವಿಯಲ್ಲಿ ಹೇಳಿದ: "ಅಮ್ಮಾ, ಮೂರು ತಿಂಗಳಿಂದ ಬರೀ ಕಂಪ್ಲೇಂಟ್ಸು. ಇವತ್ತೂ ಹಂಗೇ ಆದ್ರೆ ಶೆಫ್‌ನ ಕಳಿಸಿಬಿಡ್ತೀನಿ. ನೀವು ಸ್ವಲ್ಪ ನೋಡ್ಕೊಳ್ಳಿ."

ಗಂಬೊ ಎಂಬ ಸಾರು ಕುದಿಯುತ್ತಿತ್ತು. ಹಿಟ್ಟನ್ನು ಎಣ್ಣೆಯಲ್ಲಿ ಕಂದು ಬರುವವರೆಗೆ ಹುರಿದು, ಬೆಂಡೆಕಾಯಿ, ಸಿಗಡಿ ಹಾಕಿ ಮಾಡುವಂಥದು. ನಡುವೆ ಮಂತ್ರಿಗಳ ಕಾವಲಿನವರು ಬಂದು ಲೂಸಿಯೆನ್‌ನನ್ನು ಹೊರಗೆ ಕರೆದು ಕಾಗದಪತ್ರ ನೋಡಿದರು. ತಿರುಗಿ ಬಂದವನು ಪಾತ್ರೆಯ ಮುಂದೆ ನಿಂತ.

"ಅಕ್ಕಾರ, ಉಪ್ಪು ಹಾಕಿದೆನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಾ ನೋಡ್ಲಿಲ್ರೀ ಅಣ್ಣಾರ. ಕೋಲ್ಡ್ ರೂಮಿನ್ಯಾಗ ಇದ್ದೆ." ಅವಳ ಇಂಗ್ಲಿಷೂ ಗದಗಿನ ಮಾತೂ ಕೂಡಿಯೇ ಬರುತ್ತಿದ್ದವು, ಅವನಿಗೆ ರೂಢಿಯಾಗಿತ್ತು.

ಅವಳು ಬಗ್ಗಿ ಮೂಸಿದಳು. ಉಪ್ಪಿಗೆ ವಾಸನೆಯಿಲ್ಲ. ಅವನು ಸೌಟಿನ ತುದಿಯಲ್ಲಿ ಒಂದಿಷ್ಟು ಎತ್ತಿ ಅವಳ ಮುಂದೆ ಹಿಡಿದ. "ಒಂದು ಹನಿ."

"ದಾನಪ್ಪನ್ನ ಕರೀಲೇನ್ರೀ?"

"ಶೆಫ್‌ಗೆ ಉಪ್ಪು ತಿಳಿಯುವುದಿಲ್ಲವೆಂದು ಊಟದ ಮುಂಚೆಯೇ ಎಲ್ಲರಿಗೂ ಗೊತ್ತಾಗಲಿ ಎನ್ನುತ್ತೀಯಾ?"

ಗುರುಬಸವ್ವನ ಹಲ್ಲು ತಾವಾಗಿಯೇ ಕಚ್ಚಿಕೊಂಡವು. "ನನ್ನ ಕೈಲೆ ಆಗೂದಿಲ್ರೀ," ಎಂದಳು. ಅವನು ಬಲವಂತ ಮಾಡಲಿಲ್ಲ. ಹಾಕಿರಲಿಕ್ಕಿಲ್ಲ ಎಂದುಕೊಂಡು, ಅಳತೆಯಷ್ಟು ಉಪ್ಪು ಹಾಕಿ ತಿರುವಿದ.

ಬಟ್ಟಲುಗಳು ಹೋದ ಹಾಗೆಯೇ ತುಂಬಿ ಬಂದವು. ದಾನಪ್ಪ ಒಂದರಲ್ಲಿ ಬೆರಳದ್ದಿ ನೆಕ್ಕಿ ಮುಖ ಕಿವುಚಿದ. "ಯಪ್ಪಾ! ಅಕ್ಕಾರ, ಇದರಾಗ ಉಪ್ಪಿನಕಾಯಿ ಹಾಕಬಹುದಲ್ರೀ!"

ಅವಳು ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು ತೊಟ್ಟಿಗೆ ಸುರಿದಳು.

ಧೀರಜ್ ಬಾಗಿಲು ತಳ್ಳಿಕೊಂಡು ಬಂದ. ಟೇಸ್ಟ್ ಮಾಡದೆ ಕಳಿಸಿದೆಯಾ ಎಂದು ಕೂಗಿದ.

"ಮಾಡಿದ್ದೆ," ಎಂದ ಲೂಸಿಯೆನ್. "ತಪ್ಪು ನನ್ನದೇ."

ನಾಲಿಗೆ ಸತ್ತ ಮನುಷ್ಯ, ಅದರಲ್ಲಿ ಅವನ ತಪ್ಪಿಲ್ಲ ಎಂದು ಅವಳು ಹೇಳಬಹುದಿತ್ತು. ಮೂರು ಗಂಟೆ ಹೊಡೆಯುವುದರೊಳಗೆ ಅವನನ್ನು ಕೆಲಸದಿಂದ ಬಿಡಿಸಿದರು. ಏಪ್ರನ್ ಮಡಚಿಟ್ಟು ಅವಳ ಹತ್ತಿರ ಬಂದು, "ನಿನ್ನ ದೇವರ ಮುಂದೆ ನನ್ನ ಹೆಸರು ಹೇಳು," ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಹೂಂ ಎಂದು ತಲೆಯಾಡಿಸಿದಳು.

ಮರುದಿನ ಮಿಂದು, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. ಗಂಡನ ಹೆಸರು ಬಂತು, ಮಕ್ಕಳ ಹೆಸರು ಬಂತು. ಅವನ ಹೆಸರೆತ್ತಲು ಬಾಯಿ ಬರಲಿಲ್ಲ. ಎತ್ತಿದರೆ, ನಿನಗಾಗಿಯೇ ಅವನ ಅನ್ನ ಕಳೆದೆ ಎಂದು ಶಿವನಿಗೇ ಲೆಕ್ಕ ಒಪ್ಪಿಸಿದಂತಾಗುತ್ತಿತ್ತು. ಕೆಲಸಕ್ಕೆ ಹೊರಡುವ ಹೊತ್ತು ಮೀರಿತು. ಏಳಲಾಗಲಿಲ್ಲ.